ನಮ್ಮ ಪೈಕಿ

ಸಕ್ಕರೆ ಡಬ್ಬಿಯ ಮುಚ್ಚಳ ಇವತ್ತೂ ಸಡಿಲವಾಗಿಯೇ ಇತ್ತು. ಟೈಲರಮ್ಮ ಎಂದಿನಂತೆ ಡಬ್ಬಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಇನ್ನೊಂದು ಅಂಗೈಯನ್ನು ಮುಚ್ಚಳದ ಮೇಲಿಟ್ಟು, ಬರಲಿರುವ ನೋವಿಗೆ ಹಲ್ಲು ಕಚ್ಚಿ ನಿಂತಿದ್ದಳು. ಬಲ ಹಾಕುವ ಮೊದಲೇ ಮುಚ್ಚಳ ಜಾರಿ ಅಡುಗೆಕಟ್ಟೆಯ ಮೇಲೆ ಬಿತ್ತು. ಗಿರಗಿರನೆ ತಿರುಗಿ ನಿಂತಿತು. ಅದು ನಿಲ್ಲುವವರೆಗೂ ಅವಳು ಅದನ್ನೇ ನೋಡಿದಳು. ಆಮೇಲೆ ಚಹಾಪುಡಿಯ ಡಬ್ಬಿಯನ್ನು ಮುಟ್ಟಿದಳು. ಅದರ ಮುಚ್ಚಳವೂ ತಲೆಯ ಮೇಲಿಟ್ಟ ಟೋಪಿಯ ಹಾಗೆ ಸುಮ್ಮನೆ ಕೂತಿತ್ತು.

ಈ ಮನೆಯಲ್ಲಿ ಮುಚ್ಚಳ ಬಿಗಿಯುವವಳು ಮಗಳು. ಇರುವೆ ಬರುತ್ತವೆ ಎಂದು ಅವಳು ಬಿಗಿದಿಟ್ಟರೆ, ತೆಗೆಯಲಾಗದೆ ಟೈಲರಮ್ಮ ಗೊಣಗುತ್ತಿದ್ದಳು. "ಪೈಲ್ವಾನರ ಮನೇಲಿ ಹುಟ್ಟಬೇಕಿತ್ತು ನೀನು. ಇದನ್ನ ತೆಗೆಯೋಕೆ ಓಣಿಯವರನ್ನೆಲ್ಲಾ ಕರೀಬೇಕು." ಮಗಳು ನಕ್ಕು, ಎರಡೇ ಬೆರಳಲ್ಲಿ ತಿರುಗಿಸಿ ಕೊಡುತ್ತಿದ್ದಳು. ಆ ಜಗಳ ಯಾವಾಗ ನಿಂತಿತು ಎಂದು ಈಗ ನೆನಪಿಲ್ಲ. ಹೋದ ವಾರ ಟೈಲರಮ್ಮ ಕೇಳಿಯೂ ಕೇಳಿದ್ದಳು.

"ಮುಚ್ಚಳ ಎಲ್ಲಾ ನೀನೇ ಸಡಿಲ ಬಿಡ್ತಿದ್ದೀಯೇನೇ?"

"ನಾನ್ಯಾಕೆ ಬಿಡ್ಲಿ? ನೀನೇ ಮರೆತಿರ್ತೀಯ," ಎಂದಿದ್ದಳು ಮಗಳು, ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತ.

ಟೈಲರಮ್ಮ ಮರೆತಿರಲಿಲ್ಲ. ಮುಚ್ಚಳ ಮುಟ್ಟುವುದು ಅವಳ ಪಾಲಿಗೆ ಮರೆಯುವಂಥ ಕೆಲಸವಲ್ಲ. ತಾನಲ್ಲ, ಮಗಳಲ್ಲ. ಮನೆಯಲ್ಲಿ ಇರುವುದು ಇಬ್ಬರೇ.

ಡಬ್ಬಿಗಳನ್ನು ಹಾಗೆ ಇಡುತ್ತಿದ್ದವಳು ಅವಳ ಅಮ್ಮ. "ಡಬ್ಬಿಗೂ ಮುಚ್ಚಳಕ್ಕೂ ಮದುವೆ ಮಾಡಬೇಡ್ರೇ, ನೆರೆಹೊರೆಯವರ ಥರ ಇರ್ಲಿ," ಎನ್ನುತ್ತಿದ್ದಳು. ಅಮ್ಮನ ಬೆರಳುಗಳು ಗಾಳಿಗೆ ಬಾಗಿದ ಪೈರಿನ ಹಾಗೆ ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ಆಗ ಯಾರೂ ಅದಕ್ಕೊಂದು ಹೆಸರಿಟ್ಟಿರಲಿಲ್ಲ. ವಯಸ್ಸು ಎಂದರು, ಥಂಡಿ ಎಂದರು, ನೀರಲ್ಲಿ ಕೈ ಆಡಿಸಿದ್ದು ಹೆಚ್ಚಾಯಿತು ಎಂದರು. ಅಮ್ಮ ಸತ್ತು ಬಹಳ ಕಾಲವಾಗಿತ್ತು. ಟೈಲರಮ್ಮ ಈ ಬಾಡಿಗೆ ಮನೆಗೆ ಬಂದದ್ದು ಆಮೇಲೆ. ಅಮ್ಮ ಈ ಮನೆಯನ್ನು ನೋಡಿಯೇ ಇರಲಿಲ್ಲ. ದಾರಿ ಯಾರನ್ನು ಕೇಳಿಕೊಂಡು ಬಂದಳೋ.

ಮುಚ್ಚಳವಷ್ಟೇ ಆಗಿದ್ದರೆ ಟೈಲರಮ್ಮ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಬೆಳಗಿನ ಜಾವ ಹೆಜ್ಜೆಯ ಸದ್ದು ಕೇಳಿಸುತ್ತಿತ್ತು. ಒಂದು ಪಾದ ನೆಲಕ್ಕೆ ಊರುವುದು, ಸ್ವಲ್ಪ ನಿಲ್ಲುವುದು, ಇನ್ನೊಂದು ಪಾದವನ್ನು ಅದರ ಪಕ್ಕಕ್ಕೆ ಎಳೆದು ತರುವುದು. ಜೊತೆಗೆ ಗೋಡೆಯ ಮೇಲೆ ಕೈ ಸವರಿಕೊಂಡು ಹೋಗುವ ಸರಸರ. ಅಮ್ಮ ಬೆಳಿಗ್ಗೆ ಬಚ್ಚಲಿಗೆ ಹೋಗುತ್ತಿದ್ದದ್ದು ಹೀಗೆಯೇ. ಚಿಕ್ಕವಳಿದ್ದಾಗ ಟೈಲರಮ್ಮ ಹೊದಿಕೆಯೊಳಗಿನಿಂದ ಆ ಸದ್ದು ಕೇಳುತ್ತ ಮಲಗಿರುತ್ತಿದ್ದಳು. ಈಗಲೂ ಹಾಗೆಯೇ ಮಲಗಿರುತ್ತಿದ್ದಳು. ಎದ್ದು ನೋಡಬಹುದಿತ್ತು. ಆದರೆ ಆ ಹೊತ್ತಿಗೆ ಅವಳ ಮೈಯೂ ಗಂಜಿ ಹಾಕಿ ಒಣಗಿಸಿದ ಬಟ್ಟೆಯ ಹಾಗೆ ಸೆಟೆದುಕೊಂಡಿರುತ್ತಿತ್ತು. ಮಗ್ಗುಲು ಬದಲಿಸುವುದೇ ಒಂದು ಪ್ರಯಾಣ. ನೆಪಕ್ಕೆ ಅಷ್ಟು ಸಾಕಾಗುತ್ತಿತ್ತು. ಬೆಳಕಾದ ಮೇಲೆ ಬಚ್ಚಲಿಗೆ ಹೋದರೆ ಟವಲು ಹಿಂಡದೆ ಹಾಗೇ ನೇತಾಡುತ್ತ, ನೆಲದ ಮೇಲೆ ತೊಟ್ಟಿಕ್ಕುತ್ತಿತ್ತು. ಅಮ್ಮನೂ ಬಟ್ಟೆ ಹಿಂಡುತ್ತಿರಲಿಲ್ಲ.

"ಚಹಾ ಆಯ್ತಾ ಅಮ್ಮಾ?" ಎನ್ನುತ್ತ ಮಗಳು ಹೊರಗೆ ಬಂದಳು. ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು ಊದಿಕೊಂಡು ಕುಡಿದಳು. ಟೈಲರಮ್ಮ ಅದನ್ನು ನೋಡಿ ಒಲೆಯ ಕಡೆ ತಿರುಗಿ, ಆರಿಸಿದ್ದ ಒಲೆಯನ್ನೇ ಇನ್ನೊಮ್ಮೆ ಆರಿಸಿದಳು.

ಮಗಳಿಗೆ ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ. ಉಗುರಿನಷ್ಟು ಮೇಣ ತೆಗೆದುಕೊಂಡು, ಸಣ್ಣ ಚಾಕುವನ್ನು ದೀಪದಲ್ಲಿ ಕಾಯಿಸಿ, ಕೆತ್ತಿ ಕೆತ್ತಿ ಹಲ್ಲು ಮಾಡುವುದು. ಮೊದಲು ದವಡೆ ಹಲ್ಲು ಮಾತ್ರ ಕೊಡುತ್ತಿದ್ದರು. ಈ ವರ್ಷ ಮುಂದಿನ ಹಲ್ಲು ಕೊಟ್ಟಿದ್ದಾರೆ. ನಕ್ಕರೆ ಕಾಣುವುದು ಅದೇ ಆದ್ದರಿಂದ ಒಳ್ಳೆಯ ಕೈ ಇದ್ದವರಿಗೇ ಅದು. ಆ ಸುದ್ದಿ ಬಂದ ದಿನ ಟೈಲರಮ್ಮ ಮಗಳ ಉದ್ದನೆಯ, ನೆಟ್ಟಗಿನ ಬೆರಳುಗಳನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ನನ್ನ ಕೈ ಹೋದರೆ ಹೋಗಲಿ, ಇವಳದ್ದು ಇದೆಯಲ್ಲ ಎಂದುಕೊಂಡಿದ್ದಳು.

ಮಗಳು ಲ್ಯಾಬಿನ ನೀಲಿ ಕೋಟು ಹಾಕಿಕೊಂಡಳು. ಅದರ ಗುಂಡಿಗಳನ್ನು ತೆಗೆಸಿ, ಒತ್ತಿದರೆ ಕೂಡುವ, ಎಳೆದರೆ ಬಿಡುವ ಅಂಟುಪಟ್ಟಿ ಹಾಕಿಸಿಕೊಂಡಿದ್ದಳು. "ಈಗ ಎಲ್ಲಾರೂ ಅದೇ ಹಾಕೋದು, ಗುಂಡಿ ಹಳೇ ಕಾಲದ್ದು," ಎಂದಿದ್ದಳು. ನೀಲಿ ಪಟ್ಟಿ ಸಿಗದೆ ಟೈಲರಮ್ಮ ಬಿಳಿಯದನ್ನೇ ಕತ್ತಿನಿಂದ ಮಂಡಿಯವರೆಗೆ ಹೊಲಿದುಕೊಟ್ಟಿದ್ದಳು. ಹೊಲಿಯುವಾಗ, ಅಂಥ ಪಟ್ಟಿ ಕೇಳಿಕೊಂಡು ಬರುವ ಗಿರಾಕಿಗಳು ಎಂಥವರು ಎನ್ನುವುದು ಮನಸ್ಸಿಗೆ ಬಂದಿತ್ತು. ಹೊಲಿಗೆಯಂತ್ರದ ಸದ್ದಿನಲ್ಲಿ ಅದನ್ನು ಮುಂದಕ್ಕೆ ಬಿಟ್ಟುಬಿಟ್ಟಿದ್ದಳು.

"ಇವತ್ತು ಎಲ್ಲಿಗಾದ್ರೂ ಹೋಗ್ತೀಯಾ?" ಮಗಳು ಕೇಳಿದಳು.

"ಎಲ್ಲಿಗೆ ಹೋಗ್ಲಿ? ಆಸ್ಪತ್ರೆ ಗುರುವಾರ ತಾನೇ."

"ಹೂಂ," ಎಂದು ಮಗಳು ಬ್ಯಾಗಿನ ಹಿಡಿಯನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೊರಟಳು. ಅವಳು ಹೋಗಿ ಸ್ವಲ್ಪ ಹೊತ್ತಿಗೆ ಫೋನು ಬಂತು. ಗುರುವಾರ ಕೋಣೆಗೆ ಬಣ್ಣ ಹೊಡೆಯುತ್ತಾರಂತೆ, ಈ ವಾರದ ಗುಂಪು ಇವತ್ತೇ, ಬರಲು ಆಗುತ್ತದೆಯೇ ಎಂದು, ಆಸ್ಪತ್ರೆಯಲ್ಲಿ ಕೀಲುನೋವಿನವರ ಗುಂಪು ನಡೆಸುವ ಮೇಡಂ ಕೇಳಿದರು. ಟೈಲರಮ್ಮ ಆಗುತ್ತದೆ ಎಂದಳು. ಮನೆಯಲ್ಲಿ ಒಬ್ಬಳೇ ಇರಲು ಅವಳಿಗೆ ಇಷ್ಟವಿರಲಿಲ್ಲ. ಒಬ್ಬಳೇ ಅಲ್ಲದೆ ಇರಲೂ ಇಷ್ಟವಿರಲಿಲ್ಲ.

ಗುಂಪು ಸೇರುತ್ತಿದ್ದದ್ದು ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ವ್ಯಾಯಾಮದ ಕೋಣೆಯಲ್ಲಿ. ಒಂದು ಮೂಲೆಯಲ್ಲಿ ಕೈ ಅದ್ದಲು ಮೇಣ ಕಾಯಿಸುವ ಪೆಟ್ಟಿಗೆ. ಅದರ ವಾಸನೆ ಮಗಳ ಕೋಟಿನ ವಾಸನೆಯಂತೆಯೇ ಇತ್ತು. ನಡುವೆ ಗುಂಡಗೆ ಇಟ್ಟ ಕುರ್ಚಿಗಳು. ಎಲ್ಲಕ್ಕೂ ಕೈ ಇದೆ, ಏಕೆಂದರೆ ಕೈಯಿಲ್ಲದ ಕುರ್ಚಿಯಿಂದ ಏಳಲು ಇಲ್ಲಿ ಯಾರಿಗೂ ಆಗುವುದಿಲ್ಲ. ಈ ಕೋಣೆಯಲ್ಲಿ ಯಾರೂ ಯಾರ ಕೈಯನ್ನೂ ಹಿಡಿಯುವುದಿಲ್ಲ. ಏಳಿಸಬೇಕಾದರೆ ಮುಂಗೈ ಚಾಚುತ್ತಾರೆ. ಎದುರಿನವರು ಅದಕ್ಕೆ ತಮ್ಮ ಮುಂಗೈಯನ್ನು ಕೊಕ್ಕೆಯ ಹಾಗೆ ಸಿಕ್ಕಿಸಿಕೊಂಡು ಏಳುತ್ತಾರೆ. ಇನ್ನೊಂದು ನಿಯಮ ಮೇಡಂ ಹಾಕಿದ್ದು. ಇಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳಬಾರದು. "ಹಾಗೆ ಮಾಡಿ, ಹೀಗೆ ಮಾಡಿ ಅಂತ ಹೇಳೋರು ನಿಮ್ಮ ಮನೇಲೇ ಬೇಕಾದಷ್ಟು ಜನ ಇದ್ದಾರೆ," ಎಂದಿದ್ದರು ಮೊದಲ ದಿನ. ಎಲ್ಲರೂ ನಕ್ಕಿದ್ದರು.

ಅದೇ ದಿನ ಕೀಲಿನ ಡಾಕ್ಟರೂ ಬಂದು ಹತ್ತು ಮಾತಾಡಿದ್ದರು. ಈ ಕಾಯಿಲೆ ಕೆಲವು ಮನೆಗಳಲ್ಲಿ ತಾಯಿಯಿಂದ ಮಕ್ಕಳಿಗೆ ಬರುವುದುಂಟು, ಶುರುವಿನಲ್ಲೇ ಹಿಡಿದರೆ ಬೆರಳು ಬಾಗದ ಹಾಗೆ ನೋಡಿಕೊಳ್ಳಬಹುದು ಎಂದಿದ್ದರು. ಆಮೇಲೆ ಟೈಲರಮ್ಮನ ಕೈ ತಿರುಗಿಸಿ ನೋಡಿ, "ಸ್ವಲ್ಪ ಮುಂಚೆ ಬಂದಿದ್ರೆ..." ಎಂದು ಮಾತನ್ನು ಅಲ್ಲಿಗೇ ಬಿಟ್ಟಿದ್ದರು. ಮುಂಚೆ ಎಂದರೆ, ಗುಂಡಿಯ ಕಾಜ ಹಾಕಿ ಹಾಕಿ ಬೆರಳು ದಣಿದಿದೆ ಎಂದು ಅವಳು ಎಣ್ಣೆ ಸವರಿಕೊಂಡು ಕೂತಿದ್ದ ಕಾಲ.

ಈವರೆಗೆ ಟೈಲರಮ್ಮ ಗುಂಪಿನಲ್ಲಿ ಬಾಯಿ ಬಿಟ್ಟಿರಲಿಲ್ಲ. ಮಾತಾಡುವವರು ಬೇರೆ ಇದ್ದರು. ಮಂಡಿ ಹೋದ ಮೇಲೆ ಬಸ್ಸಿನಿಂದ ಇಳಿದ ಕಂಡಕ್ಟರ್ ಒಬ್ಬರು, ಸೀಮೆಸುಣ್ಣ ಹಿಡಿಯಲಾಗದೆ ಶಾಲೆ ಬಿಟ್ಟ ಗಣಿತದ ಟೀಚರ್ ಒಬ್ಬರು, ತೋಳು ತಲೆಯಿಂದ ಮೇಲಕ್ಕೆ ಏರದ ಪೇಂಟರ್ ಒಬ್ಬ.

"ಇವತ್ತು ಒಂದು ಆಟ ಆಡೋಣ," ಎಂದು ಮೇಡಂ ಒಂದು ಖಾಲಿ ಕುರ್ಚಿಯನ್ನು ನಡುವೆ ಎಳೆದಿಟ್ಟರು. "ನಿಮ್ಮ ನೋವು ಬಾಗಿಲು ತಟ್ಟಿ ಒಳಗೆ ಬಂತು ಅಂದ್ಕೊಳ್ಳಿ. ಇಲ್ಲಿ ಕೂತ್ಕೊಳ್ತು. ಅದು ಯಾರ ಥರ ಇರುತ್ತೆ?"

"ತಟ್ಟೋದೆಲ್ಲಿ ಬಂತು ಮೇಡಂ," ಎಂದರು ಕಂಡಕ್ಟರ್. "ನಂದು ಚೆಕಿಂಗ್ ಇನ್ಸ್‌ಪೆಕ್ಟರ್. ಯಾವ ಸ್ಟಾಪಲ್ಲಿ ಹತ್ತುತ್ತಾನೋ ಗೊತ್ತಾಗಲ್ಲ, ಹತ್ತಿದ ಮೇಲೆ ಇಳಿಯೋ ಮಾತೇ ಇಲ್ಲ. ಟಿಕೆಟ್ಟೂ ತಗೊಳ್ಳಲ್ಲ."

ಟೀಚರ್ ಖಾಲಿ ಕುರ್ಚಿಯನ್ನು ಕನ್ನಡಕದ ಮೇಲಿನಿಂದ ನೋಡಿದರು. "ನಂದು ಕೊನೇ ಬೆಂಚಿನ ಹುಡುಗ. ನಾನು ಬೋರ್ಡಿನ ಕಡೆ ತಿರುಗಿದಾಗ್ಲೇ ಸದ್ದು ಮಾಡ್ತಾನೆ. ಈ ಕಡೆ ತಿರುಗಿದ್ರೆ ಇಡೀ ಕ್ಲಾಸು ಸುಮ್ನೆ. ಡಾಕ್ಟರ ಹತ್ರ ಹೋದಾಗಂತೂ ಮಹಾ ಸಾಧು."

"ಗೋಡೆ ಒಳಗಿನ ತೇವ," ಎಂದ ಪೇಂಟರ್. "ಎಷ್ಟು ಕೋಟು ಹೊಡೆದ್ರೂ ಒಂದಿನ ಮೇಲೆ ಬರುತ್ತೆ."

ಮೇಡಂ ಟೈಲರಮ್ಮನ ಕಡೆ ನೋಡಿ, ಎಂದಿನಂತೆ ಮುಂದಕ್ಕೆ ಹೋಗುವವರಿದ್ದರು.

"ನಮ್ಮಮ್ಮ," ಎಂದಳು ಟೈಲರಮ್ಮ.

ಆ ಕೋಣೆಯಲ್ಲಿ ತನ್ನ ದನಿ ಹೇಗೆ ಕೇಳಿಸುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಕುರ್ಚಿಗಳೆಲ್ಲ ಅವಳ ಕಡೆ ತಿರುಗಿದವು.

"ಥರ ಅಲ್ಲ," ಎಂದಳು. "ಬರ್ತಾಳೆ. ಈಚೆಗೆ ದಿನಾ ಬರ್ತಾಳೆ. ಸತ್ತು ಬಹಳ ವರ್ಷ ಆಯ್ತು. ಮುಚ್ಚಳ ಎಲ್ಲಾ ಸಡಿಲ ಮಾಡಿ ಇಡ್ತಾಳೆ. ಬೆಳಗಿನ ಜಾವ ಓಡಾಡ್ತಾಳೆ. ಅವಳ ಕಾಲಿನ ಸದ್ದು ನನಗೆ ಗೊತ್ತು. ತಪ್ಪು ತಿಳ್ಕೋಬೇಡಿ, ನನಗೆ ತಲೆ ಸರಿ ಇದೆ."

"ನಮಗೆಲ್ಲಾ ತಲೆ ಒಂದೇ ತಾನೇ ಸರಿ ಇರೋದು," ಎಂದರು ಕಂಡಕ್ಟರ್. ಯಾರೂ ನಗಲಿಲ್ಲ.

"ಮುಚ್ಚಳ ಮಾತ್ರನಾ?" ಟೀಚರ್ ಕೇಳಿದರು. ಲೆಕ್ಕ ಕೇಳುವವರ ದನಿ. "ಬಟ್ಟೆ? ಹಿಂಡ್ತಾರಾ?"

"ಇಲ್ಲ. ಟವಲು ನೀರು ಸುರೀತಾ ಇರುತ್ತೆ."

"ನಲ್ಲಿ?"

"ಪೂರ್ತಿ ನಿಲ್ಸಿರಲ್ಲ. ತೊಟ್ಟು ತೊಟ್ಟು ಬೀಳ್ತಿರುತ್ತೆ."

"ಬೀಗ?" ಎಂದ ಪೇಂಟರ್. "ಬೀಗದ ಕೈ ತಿರುಗಿಸ್ತಾರಾ?"

ಟೈಲರಮ್ಮ ಯೋಚಿಸಿದಳು. "ಚಿಲಕ ಮಾತ್ರ ಹಾಕಿರುತ್ತೆ. ಮೊದಲೆಲ್ಲಾ ಬೀಗ ಹಾಕಿರೋದು."

ಪ್ರಶ್ನೆಗಳು ಅಲ್ಲಿಗೆ ನಿಂತವು. ಪೇಂಟರ್ ಕಿಟಕಿಯ ಕಡೆ ನೋಡಿದ. ಟೀಚರ್ ಕನ್ನಡಕ ತೆಗೆದು, ಒರೆಸಲು ಬೆರಳು ಬಗ್ಗದೆ, ಮತ್ತೆ ಹಾಕಿಕೊಂಡರು.

"ಮನೇಲಿ ಇನ್ಯಾರಿದ್ದಾರೆ ಟೈಲರಮ್ಮ?" ಕಂಡಕ್ಟರ್ ಕೇಳಿದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

"ಮಗಳು."

ಮೇಣದ ಪೆಟ್ಟಿಗೆ ಗುಂಯ್ ಎನ್ನುತ್ತಿತ್ತು.  ಬುದ್ಧಿ ಹೇಳಬಾರದು ಎನ್ನುವುದೇ ನಿಯಮವಾಗಿತ್ತು. ಎಲ್ಲರೂ ತಮ್ಮ ತಮ್ಮ ಕೈಗಳನ್ನು ನೋಡಿಕೊಳ್ಳುತ್ತ ಕೂತರು.

ಸ್ವಲ್ಪ ಹೊತ್ತಿನ ಮೇಲೆ ಮೇಡಂ ಮೆಲ್ಲಗೆ ಕೇಳಿದರು. "ಅವರನ್ನ ಒಂದ್ಸಲನಾದ್ರೂ ಎದ್ದು ನೋಡಿದ್ದೀರಾ?"

"ಇಲ್ಲ."

"ಭಯನಾ?"

"ಅಮ್ಮನ್ನ ಕಂಡ್ರೆ ಎಂಥಾ ಭಯ?" ಎಂದಳು ಟೈಲರಮ್ಮ. ಖಾಲಿ ಕುರ್ಚಿಯನ್ನೇ ನೋಡುತ್ತಿದ್ದಳು. "ಎದ್ದು ನೋಡಿದಾಗ ಅದು ಅಮ್ಮ ಅಲ್ದೇ ಇದ್ರೆ?"

 ಮೇಡಂ ತಾವೇ ಎದ್ದುಹೋಗಿ ಚಹಾ ತರಿಸಿದರು.

ಚಹಾದ ಹೊತ್ತಿಗೆ ಎಲ್ಲರೂ ಕಿಟಕಿಯ ಹತ್ತಿರ ನಿಲ್ಲುವುದು ರೂಢಿ. ಕೆಳಗೆ ಆಸ್ಪತ್ರೆಯ ಮುಂಬಾಗಿಲು, ಒಂದು ಕಡೆ ಮೆಟ್ಟಿಲು, ಇನ್ನೊಂದು ಕಡೆ ಗಾಲಿಕುರ್ಚಿಗೆಂದು ಮಾಡಿದ ಇಳಿಜಾರು. ಬರುವವರನ್ನು ನೋಡಿ, ಅವರು ನಮ್ಮ ಪೈಕಿಯೋ ಅಲ್ಲವೋ ಎಂದು ಹೇಳುವುದು ಕಂಡಕ್ಟರ್ ಶುರು ಮಾಡಿದ್ದ ಆಟ. ಬಸ್ಸಿನಲ್ಲಿ ಇಡೀ ಆಯಸ್ಸು ಜನ ಹತ್ತುವುದನ್ನೂ ಇಳಿಯುವುದನ್ನೂ ನೋಡಿದ ಕಣ್ಣು ಅವರದು. ಮೆಟ್ಟಿಲು ಇಳಿಯುವಾಗ ಯಾವ ಕಾಲು ಮುಂದಿಡುತ್ತಾರೆ, ಬಾಗಿಲನ್ನು ಅಂಗೈಯಿಂದ ತಳ್ಳುತ್ತಾರೋ ಭುಜದಿಂದಲೋ ಎನ್ನುವಷ್ಟರಲ್ಲಿ ತೀರ್ಪು ಸಿದ್ಧ. ಎದೆನೋವಿನವರು, ಹೊಟ್ಟೆನೋವಿನವರು ಬಂದರೆ, "ಪರರು, ಬಿಡಿ," ಎನ್ನುತ್ತಿದ್ದರು. ಇವತ್ತು ಕೋಣೆಯ ಭಾರ ಇಳಿಸಬೇಕೆಂದು ಅವರು ಬೇಗನೆ ಶುರು ಮಾಡಿದರು.

"ಆ ದಪ್ಪ ಮನುಷ್ಯ?"

"ಹೊಸ ಚಪ್ಪಲಿ ಕಚ್ಚಿರ್ಬೇಕು," ಎಂದ ಪೇಂಟರ್.

"ಶಹಬ್ಬಾಸ್. ಪರರು. ಆ ಅಜ್ಜ?"

"ಸೊಂಟ," ಎಂದರು ಟೀಚರ್.

"ಸೊಂಟ ಅಂದ್ರೆ ನಮ್ಮ ದಾಯಾದಿಗಳು. ಒಳಗೆ ಬಿಡಬಹುದು." ಕಂಡಕ್ಟರ್ ಗಾಜಿಗೆ ಹಣೆ ಒತ್ತಿದರು. "ಓಹೋ, ಇಲ್ಲಿ ನೋಡಿ. ಪಾಪ, ಎಷ್ಟು ಸಣ್ಣ ವಯಸ್ಸು. ಬ್ಯಾಗನ್ನ ಮೊಣಕೈಗೆ ಹಾಕ್ಕೊಂಡಿದ್ದಾಳೆ. ಮೆಟ್ಟಿಲು ಬಿಟ್ಟು ಇಳಿಜಾರು ಹಿಡಿದ್ಲು. ಕಂಬಿ ಮೇಲೆ ಮುಂಗೈ ಸವರ್ಕೊಂಡು ಬರ್ತಾಳೆ ನೋಡಿ, ಬೆರಳು ಮುಟ್ಟಿಸ್ತಾನೇ ಇಲ್ಲ. ಅನುಮಾನವೇ ಇಲ್ಲ. ನಮ್ಮ ಪೈಕಿ."

ಟೈಲರಮ್ಮ ಅವರ ಹಿಂದಿನಿಂದ ಬಗ್ಗಿ ನೋಡಿದಳು. ಮೊದಲು ಕಂಡದ್ದು ನಡಿಗೆ. ಒಂದು ಪಾದ ಊರಿ, ಸ್ವಲ್ಪ ನಿಂತು, ಇನ್ನೊಂದನ್ನು ಪಕ್ಕಕ್ಕೆ ಎಳೆದುಕೊಳ್ಳುವ ನಡಿಗೆ. ಅಮ್ಮ ಎಂದುಕೊಂಡಳು. ಬಿಸಿಲಿನಲ್ಲಿ, ಇಷ್ಟು ಜನರ ನಡುವೆ. ಆಮೇಲೆ ನೀಲಿ ಕೋಟು ಕಂಡಿತು. ಅದರ ಮುಂದೆ ಕತ್ತಿನಿಂದ ಮಂಡಿಯವರೆಗೆ ಬಿಳಿ ಪಟ್ಟಿ.

"ಅಲ್ಲ," ಎಂದಳು ಟೈಲರಮ್ಮ.

"ಪಂದ್ಯ ಕಟ್ತೀರಾ? ನನ್ನ ಕಣ್ಣು ತಪ್ಪಿದ್ರೆ..."

"ಅವಳು ನಮ್ಮ ಪೈಕಿ ಅಲ್ಲ!" ದನಿ ಕೋಣೆಯ ಗೋಡೆಗೆ ತಾಗಿ ವಾಪಸು ಬಂತು. "ನಿಮಗೇನ್ರೀ ಗೊತ್ತು? ದಿನಾ ಅಷ್ಟು ಹೊತ್ತು ಕೂತು ಕೆಲಸ ಮಾಡ್ತಾಳೆ. ಕಾಲು ಜೋಮು ಹಿಡಿದಿರುತ್ತೆ. ಎಲ್ಲಾರನ್ನೂ ನಮ್ಮ ಪೈಕಿ, ನಮ್ಮ ಪೈಕಿ ಅಂತ ಎಳ್ಕೊಳ್ಳೋಕೆ ಅವಳೇನು ನಿಮ್ಮ ಬಸ್ಸಿನ ಪ್ಯಾಸೆಂಜರ್‍ರಾ? ಅವಳು ನನ್ನ ಮಗಳು."

ಕಂಡಕ್ಟರ್ ಕೈಯಲ್ಲಿದ್ದ ಲೋಟ ಕಿಟಕಿಯ ಕಟ್ಟೆಯ ಮೇಲೆ ಕೂತಿತು. "ಅಯ್ಯೋ," ಎಂದರು. "ನನ್ನ ನಾಲಿಗೆ ಬಿದ್ದು ಹೋಗ. ಟೈಲರಮ್ಮ, ನಂಗೆ ಗೊತ್ತಿರ್ಲಿಲ್ಲ. ನನ್ನ ಕಣ್ಣೂ ಈಗ ಮೊದಲಿನ ಹಾಗಿಲ್ಲ. ತಪ್ಪಿರುತ್ತೆ."

ತಪ್ಪಿಲ್ಲ ಎನ್ನುವುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕೆಳಗೆ ಹುಡುಗಿ ಗಾಜಿನ ಬಾಗಿಲಿಗೆ ಭುಜ ಕೊಟ್ಟು ತಳ್ಳಿ ಒಳಗೆ ಹೋದಳು.

 ನಿಯಮ ಮುರಿದವರು ಟೀಚರ್.

"ಹೋಗಿ," ಎಂದರು. ಅಷ್ಟೇ.

ಟೈಲರಮ್ಮ ಕುರ್ಚಿಯ ಕೈಗೆ ಒರಗಿಸಿದ್ದ ತನ್ನ ಚೀಲ ತೆಗೆದುಕೊಂಡು ಹೊರಗೆ ಬಂದಳು. ಮಹಡಿಯ ಒಂದು ತುದಿಯಲ್ಲಿ ಮೆಟ್ಟಿಲು. ಅದು ಮುಂಬಾಗಿಲ ಒಳಗಿನ ರಕ್ತಪರೀಕ್ಷೆಯ ಪಡಸಾಲೆಗೆ ಇಳಿಯುತ್ತದೆ. ಇನ್ನೊಂದು ತುದಿಯಲ್ಲಿ ಲಿಫ್ಟು. ಅದು ಹಿಂದಿನ ಗೇಟಿಗೆ, ಬಸ್ ಸ್ಟಾಪಿಗೆ. ಅವಳು ಲಿಫ್ಟಿನ ಮುಂದೆ ನಿಂತಳು. ಹೀಗೇ ಮನೆಗೆ ಹೋದರೆ ಆಯಿತು. ತಾಯಿ ಇವತ್ತು ಇಲ್ಲಿದ್ದಳೆಂದು ಮಗಳಿಗೆ ಗೊತ್ತೇ ಇಲ್ಲ. ಸಂಜೆ ಅವಳೂ ಏನೂ ಹೇಳುವುದಿಲ್ಲ, ತಾನೂ ಕೇಳುವುದಿಲ್ಲ. ನಾಳೆ ಬೆಳಗಿನ ಜಾವ ಗೋಡೆ ಸವರಿಕೊಂಡು ಅಮ್ಮ ಬರುತ್ತಾಳೆ. ಅಮ್ಮ ಇನ್ನೂ ಸ್ವಲ್ಪ ದಿನ ಇರುತ್ತಾಳೆ.

ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ. ತೆರೆದು, ಕಾದು, ತಾನೇ ಮುಚ್ಚಿಕೊಂಡಿತು. ಸ್ವಲ್ಪ ಮುಂಚೆ ಬಂದಿದ್ರೆ ಎಂದು ಡಾಕ್ಟರು ನಿಲ್ಲಿಸಿದ್ದ ಮಾತು ನಿಂತಲ್ಲೇ ನಿಂತಿತ್ತು. ಟೈಲರಮ್ಮ ತಿರುಗಿ ಮೆಟ್ಟಿಲಿನ ಕಡೆ ನಡೆದಳು. ಕಂಬಿಗೆ ಮುಂಗೈ ಕೊಟ್ಟು, ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ತಂದು ಇಳಿದಳು.

ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಬೆಂಚು. ಮಗಳು ತುದಿಯಲ್ಲಿ ಕೂತಿದ್ದಳು. ಮಡಿಲಲ್ಲಿ ನೀರಿನ ಬಾಟಲಿ. ಮುಚ್ಚಳದ ಸೀಲು ಇನ್ನೂ ಒಡೆದಿರಲಿಲ್ಲ. ಅದನ್ನು ಕೋಟಿನ ಅಂಚಿನಲ್ಲಿ ಸುತ್ತಿ ತಿರುಗಿಸಲು ನೋಡಿ, ಬಿಟ್ಟು, ಸುತ್ತ ಯಾರಾದರೂ ನೋಡಿದರೇ ಎಂದು ಕಣ್ಣೆತ್ತಿದಳು. ಎದುರಿಗೆ ಅವಳ ಅಮ್ಮ ನಿಂತಿದ್ದಳು.

"ಇವತ್ತು ಗುರುವಾರ ಅಲ್ವಲ್ಲಾ," ಎಂದಳು ಮಗಳು. 

"ಅಲ್ಲ." ಟೈಲರಮ್ಮ ಪಕ್ಕದಲ್ಲಿ ಕೂತಳು. "ಗುರುವಾರ ಬಣ್ಣ ಹೊಡೀತಾರಂತೆ."

ಇಬ್ಬರೂ ಎದುರಿನ ಗೋಡೆಯನ್ನು ನೋಡಿದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

"ಯಾವ ಬೆರಳು?" ಎಂದಳು ಟೈಲರಮ್ಮ, ಗಿರಾಕಿಗೆ ಅಳತೆ ಕೇಳುವ ಹಾಗೆ.

ಮಗಳು ಬಾಟಲಿಯನ್ನು ಪಕ್ಕಕ್ಕಿಟ್ಟು ಎರಡೂ ಕೈ ಚಾಚಿದಳು. ಬೆರಳುಗಳು ಇನ್ನೂ ನೆಟ್ಟಗಿದ್ದವು. ನಡುಬೆರಳು, ಉಂಗುರದ ಬೆರಳುಗಳ ಬುಡದ ಗೆಣ್ಣು ಮಾತ್ರ ಸಣ್ಣಗೆ ಊದಿ, ಚರ್ಮ ಹೊಳೆಯುತ್ತಿತ್ತು. ಟೈಲರಮ್ಮ ಅವನ್ನು ಮುಟ್ಟಲಿಲ್ಲ. ಮುಟ್ಟಿದರೆ ಎಷ್ಟು ನೋಯುತ್ತದೆಂದು ಅವಳಿಗೆ ಗೊತ್ತಿತ್ತು.

"ಬೆಳಿಗ್ಗೆ ಮಾತ್ರ ಅಮ್ಮ. ಹಗಲಾದ ಮೇಲೆ ಅಷ್ಟೊಂದಿಲ್ಲ. ಇವತ್ತು ಅದ್ಯಾಕೋ ಕಾಲೂ ಬಿಟ್ಟಿಲ್ಲ."

"ನಂಗೂ ಬೆಳಿಗ್ಗೆ ಮಾತ್ರ ಇತ್ತು."

ಮಗಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಮುಚ್ಚಳ ನೀನೇನಾ?"

"ಹೂಂ."

"ಮತ್ತೆ ಅವತ್ತು ನಾನಲ್ಲ ಅಂದೆ."

"ಕೇಳುವಾಗ ನೀನು ನನ್ನ ಮುಖ ನೋಡ್ತಿರ್ಲಿಲ್ಲ. ಕೈ ನೋಡ್ತಿದ್ದೆ. ಭಯ ಆಯ್ತು." ಮಗಳು ಕೋಟಿನ ಬಿಳಿ ಪಟ್ಟಿಯ ತುದಿಯನ್ನು ಬಿಡಿಸಿ ಅಂಟಿಸಿದಳು. "ನಿನ್ನೆ ಒಂದು ಮುಂದಿನ ಹಲ್ಲು ಕೈ ಜಾರ್ತು."

"ಮುರೀತಾ?"

"ಮೇಣ ತಾನೇ. ಮತ್ತೆ ಮಾಡಿದೆ. ಯಾರೂ ನೋಡ್ಲಿಲ್ಲ." ಆಮೇಲೆ ಕೇಳಿದಳು. "ಅಮ್ಮ, ಬೆಳಿಗ್ಗೆ ನಾನು ಓಡಾಡೋದು ನಿಂಗೆ ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು."

"ಎದ್ದು ಬಂದೇ ಇಲ್ವಲ್ಲ."

 ಟೈಲರಮ್ಮ ಬಾಟಲಿಯನ್ನು ಎತ್ತಿ ತನ್ನ ಎರಡು ಮಂಡಿಗಳ ನಡುವೆ ಸಿಕ್ಕಿಸಿ, ಮುಚ್ಚಳದ ಮೇಲೆ ಅಂಗೈ ಇಟ್ಟು, ಬೆರಳು ಬಳಸದೆ ಇಡೀ ತೋಳನ್ನೇ ತಿರುಗಿಸಿದಳು. ಟಕ್ ಎಂದಿತು. ಮುಚ್ಚಳವನ್ನು ಮತ್ತೆ ಸಡಿಲವಾಗಿ ಕೂರಿಸಿ ಮಗಳ ಪಕ್ಕದಲ್ಲಿಟ್ಟಳು. ಮಗಳು ಅದನ್ನು ನೋಡಿ ನಗಲು ಹೋದಳು. ನಗು ಅರ್ಧಕ್ಕೆ ಬೇರೆ ಏನೋ ಆಯಿತು. ಕೋಟಿನ ತೋಳಿನಲ್ಲಿ ಮೂಗು ಒರೆಸಿಕೊಂಡಳು.

ಸಿಸ್ಟರ್ ಬಾಗಿಲಲ್ಲಿ ತಲೆ ಹಾಕಿದಳು. ಇಬ್ಬರ ಮುಖ, ಇಬ್ಬರ ಮಡಿಲಲ್ಲಿದ್ದ ಕೈಗಳು, ಮತ್ತೆ ಮುಖ ನೋಡಿದಳು.

"ಪರೀಕ್ಷೆ ಇಬ್ಬರಲ್ಲಿ ಯಾರಿಗೆ?"

ನನಗೆ ಎಂದು ಹೇಳಲು ಟೈಲರಮ್ಮನ ಬಾಯಿ ತೆರೆದುಕೊಂಡೇ ಇತ್ತು. 

"ನಂಗೆ," ಎಂದಳು ಮಗಳು. ಬೆಂಚಿಗೆ ಕೈ ಇರಲಿಲ್ಲ. ಅವಳು ಮುಷ್ಟಿ ಊರಿ ಏಳಲು ನೋಡಿ, ತುಟಿ ಕಚ್ಚಿ ಕೂತುಬಿಟ್ಟಳು. ಟೈಲರಮ್ಮ ಎದ್ದು ನಿಂತು ಮುಂಗೈ ಚಾಚಿದಳು. ಏನು ಮಾಡಬೇಕೆಂದು ಮಗಳಿಗೆ ತಿಳಿಯಲಿಲ್ಲ. ಅಭ್ಯಾಸದಂತೆ ಕೈ ಹಿಡಿಯಲು ಬೆರಳು ಚಾಚಿದಳು.

"ಬೆರಳು ಬೇಡ ಪುಟ್ಟಿ. ಹೀಗೆ."

ಮಗಳು ತನ್ನ ಮುಂಗೈಯನ್ನು ತಾಯಿಯ ಮುಂಗೈಗೆ ಸಿಕ್ಕಿಸಿಕೊಂಡಳು. ನೋವಿಲ್ಲದೆ ಎದ್ದು ನಿಂತಳು. ಅದು ಅವಳಿಗೇ ಆಶ್ಚರ್ಯವಾದಂತೆ ಒಂದು ಕ್ಷಣ ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಬಿಡಿಸಿಕೊಂಡು ಒಳಗೆ ಹೋದಳು. ಬಾಗಿಲು ಮುಚ್ಚಿತು.

ಟೈಲರಮ್ಮ ಬೆಂಚಿನ ಮೇಲೆ ಕೂತಳು. ಒಳಗಿನಿಂದ ಕೋಟಿನ ಪಟ್ಟಿ ಬಿಡಿಸುವ ಪರ್‍ರ್ ಎನ್ನುವ ಸದ್ದು ಕೇಳಿಸಿತು. ತೋಳು ಮೇಲೆ ಮಾಡಿಕೊಳ್ಳಿ ಎಂದು ಸಿಸ್ಟರ್ ಹೇಳುತ್ತಿದ್ದಳು. ಆಮೇಲೆ ಏನೂ ಕೇಳಿಸಲಿಲ್ಲ.

ಪಡಸಾಲೆಯ ಆ ತುದಿಯಿಂದ ಯಾರೋ ಬರುವ ಸದ್ದಾಯಿತು. ಒಂದು ಪಾದ ಊರುವುದು, ಸ್ವಲ್ಪ ನಿಲ್ಲುವುದು, ಇನ್ನೊಂದನ್ನು ಎಳೆದು ತರುವುದು. ಗೋಡೆ ಸವರುವ ಸರಸರ. ಈ ಸಲ ಟೈಲರಮ್ಮ ತಲೆಯೆತ್ತಿ ನೋಡಿದಳು. ಆಗಷ್ಟೇ ಒರೆಸಿದ ನೆಲ ಒಂದು ಹೆಜ್ಜೆಗುರುತೂ ಇಲ್ಲದೆ ಬಾಗಿಲಿನವರೆಗೂ ಹಸಿಯಾಗಿ ಹೊಳೆಯುತ್ತಿತ್ತು.

ಅವಳು ನೀರಿನ ಬಾಟಲಿಯನ್ನು ಮಡಿಲಿಗೆ ತೆಗೆದುಕೊಂಡು, ಬೆಂಚಿನ ಮೇಲೆ ಮೆಲ್ಲಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತಳು.